ಗಾಳಿ ನಿಲ್ಲುವ ಗಿಂಡಿ

ಗಾಡಿ ರಿಪೇರಿಯ ಫುಂಡಿ, ಅಂದರೆ ಮೇಸ್ತ್ರಿ, ಹಲಾಕೆಯ ಹತ್ತಿರ ಅವಸರ ಮಾಡಿದವರು ಯಾರೂ ಉದ್ಧಾರವಾಗಿಲ್ಲ. ಮಾರ್ಸಾಬಿಟ್ ಪೇಟೆಯಲ್ಲಿ ಲಾರಿ ಓಡಿಸುವವರಿಂದ ಹಿಡಿದು ಕತ್ತೆ ಹೊಡೆಯುವವರವರೆಗೆ ಎಲ್ಲರಿಗೂ ಇದು ಗೊತ್ತು. ಯತ್ತಾನಿಗೂ ಗೊತ್ತಿತ್ತು. ಗೊತ್ತಿದ್ದೂ ಆ ಬೆಳಿಗ್ಗೆ ಅಂಗಳಕ್ಕೆ ಕಾಲಿಟ್ಟವನೇ, "ಫುಂಡಿ, ಸಂಜೆಯೊಳಗೆ ಆಗ್ಬೇಕು," ಅಂದುಬಿಟ್ಟ.

ಹಲಾಕೆ ತಲೆ ಎತ್ತಲಿಲ್ಲ. ಟೀ ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ತೆಗೆದು ಚೀಪುತ್ತ, "ನಿಮ್ಮಮ್ಮ ನಿನ್ನ ಒಂಬತ್ತು ತಿಂಗಳು ಹೊತ್ಳೋ, ಇಲ್ಲ ಬೆಳಿಗ್ಗೆ ಬಸುರಾಗಿ ಸಂಜೆ ಹೆತ್ಳೋ?" ಎಂದ.

ಯತ್ತಾನಿಯ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ನಕ್ಕವಳು ಬೊಕಾಯೊ. ಅರವತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಕೊರಳ ತುಂಬ ಮಣಿ. ಅವಳು ನಕ್ಕಿದ್ದನ್ನು ಕೇಳಿ ಯತ್ತಾನಿಗೆ ಬಂದ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಬೊಕಾಯೊ ನಕ್ಕು ಒಂದು ವರ್ಷವಾಗಿತ್ತು, ಅದಕ್ಕೆ ಕಾರಣ ತಾನೇ ಎಂದು ಅವನು ನಂಬಿದ್ದ.

ಯತ್ತಾನಿ ಎಲ್ ದಿಮಾ ಊರಿನ ದವಾಖಾನೆಯ ಗಾಡಿ ಓಡಿಸುವವನು. ಊರು ಚಲ್ಬಿ ಮರಳುಗಾಡಿನ ಆಚೆ ದಡದಲ್ಲಿದೆ, ಆಸ್ಪತ್ರೆ ಈಚೆ ಮಾರ್ಸಾಬಿಟ್ ಬೆಟ್ಟದ ಮೇಲೆ. ನಡುವೆ ಮೊದಲು ಮರಳು, ಆಮೇಲೆ ಕಪ್ಪು ಕಲ್ಲು. ಮರಳಿನಲ್ಲಿ ಟೈರಿನ ಗಾಳಿ ಇಳಿಸಿ ಮೆತ್ತಗೆ ಮಾಡಬೇಕು, ಇಲ್ಲದಿದ್ದರೆ ಗಾಡಿ ಹೂತುಹೋಗುತ್ತದೆ. ಕಲ್ಲಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಕಲ್ಲು ಟೈರನ್ನು ಸೀಳಿ ಹಾಕುತ್ತದೆ. ಇಷ್ಟಕ್ಕೂ ಅವನ ಹತ್ತಿರ ಇದ್ದದ್ದು ಕಾಲಲ್ಲಿ ತುಳಿಯುವ ಒಂದು ಪಂಪು.

ಹೋದ ವರ್ಷ ಬೊಕಾಯೊಳ ಮಗಳು ತುಮ್ಮೆಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಯತ್ತಾನಿ ಅವಳನ್ನು ಹಿಂದೆ ಮಲಗಿಸಿಕೊಂಡು ಹೊರಟ. ನಡು ಚಲ್ಬಿಯಲ್ಲಿ, ಮೆತ್ತಗಿದ್ದ ಮುಂದಿನ ಟೈರು ತಿರುವಿನಲ್ಲಿ ಚಕ್ರದ ಅಂಚಿನಿಂದ ಕಳಚಿಕೊಂಡಿತು. ಇದ್ದ ಒಂದು ಹೆಚ್ಚಿನ ಟೈರು ಹಿಂದಿನ ಸಲ ಆಸ್ಪತ್ರೆಯಿಂದ ಬರುವಾಗಲೇ ಕಲ್ಲಿಗೆ ಸಿಕ್ಕಿ ಹರಿದಿತ್ತು. ಕಳಚಿದ ಟೈರಿಗೆ ಕಾಲು ಪಂಪಿನಿಂದ ಗಾಳಿ ಹಾಕುವುದೆಂದರೆ ಜರಡಿಯಲ್ಲಿ ನೀರು ಹೊತ್ತ ಹಾಗೆ. ತುಳಿದಷ್ಟೂ ಅಂಚಿನಿಂದ ಹೊರಗೆ ಹೋಗುತ್ತಿತ್ತು. ಅವನು ನಾಲ್ಕು ತಾಸು ತುಳಿದ. ಲಾರಿಯೊಂದು ಸಿಗುವ ಹೊತ್ತಿಗೆ ತುಮ್ಮೆ ತಾಯಿಯ ತೊಡೆಯ ಮೇಲೆಯೇ ಹೋಗಿಬಿಟ್ಟಿದ್ದಳು. ಬೊಕಾಯೊ ಅವನಿಗೆ ಒಂದು ಬಿರುಸು ಮಾತೂ ಆಡಲಿಲ್ಲ, ಕಣ್ಣೀರೂ ಹಾಕಲಿಲ್ಲ. ಹೆತ್ತ ಹೊಟ್ಟೆಗೆ ಅಳು ಬರದಿದ್ದರೆ ನೋಡುವವರಿಗೆ ಎಷ್ಟು ಕಷ್ಟ ಎಂಬುದು ಯತ್ತಾನಿಗೆ ಆ ವರ್ಷ ತಿಳಿಯಿತು.

ಊರಿನವರು ಆಡು ಮಾರಿ ದುಡ್ಡು ಕೂಡಿಸಿದರು. ಹಲಾಕೆ ಹೋದ ತಿಂಗಳೇ ಗಾಳಿ ಒತ್ತುವ ಕಂಪ್ರೆಸರ್ ಒಂದನ್ನು ಇಂಜಿನ್ನಿನ ಪಕ್ಕದಲ್ಲಿ ಕೂರಿಸಿ ಬೆಲ್ಟು ಕಟ್ಟಿದ್ದ. ಉಳಿದದ್ದು ಆ ಗಾಳಿಯನ್ನು ಕೂಡಿಡುವ ಟ್ಯಾಂಕು. ಅದನ್ನು ಆರಿಸಲು ಯತ್ತಾನಿ ಹೊರಟಾಗ ಬೊಕಾಯೊ, "ನಾನೂ ಬರ್ತೀನಿ," ಎಂದು ಹತ್ತಿ ಕುಳಿತಳು. ಸಕ್ಕರೆ, ಟೀಪುಡಿ ತರಲಿಕ್ಕಿರಬೇಕು ಎಂದುಕೊಂಡ.

ಹಲಾಕೆ ಎದ್ದು ಮೂರು ಟ್ಯಾಂಕು ತಂದು ಸಾಲಾಗಿ ಇಟ್ಟ. ಮೊದಲನೆಯದು ಅಂಗಡಿಯ ಹೊಸ ಮಾಲು, ಬೆಳ್ಳಗೆ ಮಿಂಚುತ್ತಿತ್ತು, ಕಂಕುಳಲ್ಲಿ ಇಟ್ಟುಕೊಂಡು ಹೋಗುವಷ್ಟು ಪುಟ್ಟದು. ಎರಡನೆಯದು ದೊಡ್ಡದು, ಕಪ್ಪು ಬಣ್ಣ ಬಳಿದು ಮದುವೆ ಗಂಡಿನ ಹಾಗೆ ನುಣ್ಣಗಿತ್ತು. ಗುಜರಿಯವನೊಬ್ಬ ತಂದುಕೊಟ್ಟಿದ್ದು. ಮೂರನೆಯದು ಮಗುಚಿ ಬಿದ್ದ ಲಾರಿಯೊಂದರ ಬ್ರೇಕಿನ ಗಾಳಿ ಟ್ಯಾಂಕು. ಕಪ್ಪಿನಷ್ಟೇ ದೊಡ್ಡದು, ಆದರೆ ಬಣ್ಣ ಎದ್ದು, ಮೈಯೆಲ್ಲ ಗೀರು, ಅಲ್ಲಲ್ಲಿ ತುಕ್ಕಿನ ಕಲೆ.

ಯತ್ತಾನಿ ಬೆಳ್ಳಗಿನದನ್ನು ಎತ್ತಿಕೊಂಡ. "ಇದು ಚೆನ್ನಾಗಿದೆ. ಸೀಟಿನ ಹಿಂದೆ ಕೂರತ್ತೆ."

"ಮುದ್ದು ಮಾಡೋಕಾದ್ರೆ ಒಯ್ಯಿ," ಎಂದ ಹಲಾಕೆ. "ನಿಂಗೆ ಬೇಕಾಗಿರೋದು ಕಳಚಿದ ಟೈರು ಕೂರಿಸೋಕೆ. ಕಂಪ್ರೆಸರ್ ಹನಿ ಹನಿಯಾಗಿ ಕೊಡತ್ತೆ. ಅಷ್ಟೇ ಸಾಲೋದಾಗಿದ್ರೆ ಟ್ಯಾಂಕೇ ಬೇಡ್ವಲ್ಲ. ಒಂದೇ ಏಟಿಗೆ ಕೊಡವೇ ಬಗ್ಗಿಸ್ಬೇಕು, ಆಗ ಟೈರು ಅಂಚಿಗೆ ಹಾರಿ ಕೂರತ್ತೆ. ಇದ್ರಲ್ಲಿ ಒಂದು ಚೊಂಬು ಗಾಳಿನೂ ಹಿಡಿಯಲ್ಲ."

"ಹಾಗಾದ್ರೆ ಈ ಕಪ್ಪಿಂದು. ಹಾಕಿಬಿಡು. ಹೊರಡ್ತೀನಿ."

"ನೀರು ಹಾಕಿ ನೋಡ್ಬೇಕು ಮೊದ್ಲು. ಟ್ಯಾಂಕು ತುಂಬ ನೀರು ತುಂಬಿ ಪಂಪಲ್ಲಿ ಒತ್ತಿ ನೋಡ್ತೀನಿ. ನೀರಲ್ಲಿ ಸೋತ್ರೆ ಬರೀ ಜಿನುಗತ್ತೆ. ಗಾಳಿಯಲ್ಲಿ ಸೋತ್ರೆ ಬಾಂಬು. ನೀರಿನ ಗಾಡಿ ನಾಳೆ ಬರತ್ತೆ, ನಾಳೆ ನೋಡೋಣ."

"ನಾಳೇನಾ! ಅಲ್ಲಿ ದವಾಖಾನೆಯಲ್ಲಿ ಗಾಡಿಯಿಲ್ಲ, ನಮ್ಮೂರ ಬಸುರಿ ಕಬಲೆಗೆ ತಿಂಗಳು ತುಂಬ್ತಾ ಇದೆ. ಇವತ್ತು ರಾತ್ರಿ ಏನಾದ್ರೂ ಆದ್ರೆ ಯಾರು ಹೊಣೆ? ನೀನಾ?" ಯತ್ತಾನಿಯ ದನಿ ಒಡೆಯಿತು. ಪಾಪ, ಅವನದು ಬರೀ ಅವಸರವಾಗಿರಲಿಲ್ಲ, ಹೆದರಿಕೆ. ಆದರೆ ಹೆದರಿದವನಿಗೂ ಅವಸರದವನಿಗೂ ಬುದ್ಧಿ ಕೈಕೊಡುವುದು ಒಂದೇ ರೀತಿ.

ಇಷ್ಟು ಹೊತ್ತೂ ಬೊಕಾಯೊ ಟ್ಯಾಂಕುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಎಲ್ ದಿಮಾದಲ್ಲಿ ಬೇರಿನ ನಾರಿನಿಂದ ಹಾಲಿನ ಗಿಂಡಿ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಹೆಣೆದ ಗಿಂಡಿಯಲ್ಲಿ ಒಂಟೆ ಹಾಲು ತುಂಬಿ ಹತ್ತು ದಿನ ನಡೆದರೂ ಒಂದು ತೊಟ್ಟು ಜಿನುಗುವುದಿಲ್ಲ. ಅವಳು ಕಪ್ಪು ಟ್ಯಾಂಕಿನ ಮೇಲೆ ಬೆರಳಾಡಿಸಿದಳು, ಬಾಯಿಗೆ ಮೂಗಿಟ್ಟು ಮೂಸಿದಳು, ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟಳು.

"ಇದು ಏನು ತುಂಬೋ ಗಿಂಡಿ?" ಎಂದು ಕೇಳಿದಳು.

"ಗಾಳಿ, ಅಮ್ಮ," ಎಂದ ಹಲಾಕೆ.

"ಗಾಳಿ ಹಾಲಿಗಿಂತ ತೆಳು. ಹಾಗಾದ್ರೆ ಹೆಣಿಗೆ ಇನ್ನೂ ಬಿಗಿ ಇರ್ಬೇಕು. ನೀರಿಲ್ಲ ಅಂತ ಯಾಕೆ ಜಗಳ ಆಡ್ತೀರಿ? ಹೊಗೆ ಇಲ್ವಾ?"

"ಏನು ಹೊಗೆ?"

"ಹೊಗೆ ಕಣಪ್ಪ, ಹೊಗೆ! ಗಿಂಡಿ ಹೆಣೆದ್ಮೇಲೆ ಏನ್ಮಾಡ್ತೀವಿ? ಉರಿಯೋ ಕಡ್ಡಿ ಒಳಗಿಟ್ಟು, ಬಾಯಿ ಮುಚ್ಚಿ, ಹೊಗೆ ಎಲ್ಲಿಂದ ಇಣುಕತ್ತೆ ನೋಡ್ತೀವಿ. ನಿನ್ನ ಹೆಂಡ್ತಿ ನಿಂಗೆ ಹಾಲು ಕೊಡಲ್ವಾ? ಇಲ್ಲ ಪ್ಯಾಕೆಟ್ಟಾ?"

ಅವಳು ಟೀ ಒಲೆಯಿಂದ ಕೆಂಡದ ಕಡ್ಡಿ ಕೀಳುತ್ತಿದ್ದಂತೆ ಹಲಾಕೆ ಎಗರಿ ಅವಳ ಕೈ ಹಿಡಿದ. "ಅಜ್ಜೀ! ಒಳಗೆ ಎಣ್ಣೆ ಪಸೆ ಇದ್ರೆ ನಾವು ಮೂರೂ ಜನ ಬೆಟ್ಟದ ಆಚೆಗೆ ಬೀಳ್ತೀವಿ!" ಆಮೇಲೆ ತಾನೇ ಮೂಸಿ ನೋಡಿದ, ಬತ್ತಿ ಹಾಕಿ ಒಳಗೆಲ್ಲ ಒರೆಸಿ ನೋಡಿದ. ಹಿಂದಿನ ದಿನ ಸೋಡಾಪುಡಿಯ ಬಿಸಿನೀರಲ್ಲಿ ಎರಡು ಸಲ ತೊಳೆದಿದ್ದ, ಬತ್ತಿ ಒಣಗೇ ಬಂತು. ಕೈ ಬಿಟ್ಟ. "ಮಾಡಮ್ಮ. ನಾನೂ ನೋಡ್ತೀನಿ."

ಬೊಕಾಯೊ ತೆಳ್ಳನೆಯ ಕಡ್ಡಿಯನ್ನು ಉರಿ ಆರಿಸಿ, ಹೊಗೆ ಮಾತ್ರ ಉಳಿಸಿ, ಟ್ಯಾಂಕಿನ ತೂತಿಗೆ ಇಳಿಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತೆಗೆದು, ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಸಂದಿಯಲ್ಲಿ ತುಟಿಯಿಟ್ಟು ಊದಿದಳು. ಕೆನ್ನೆ ಉಬ್ಬಿ, ಕತ್ತಿನ ನರ ಎದ್ದು ನಿಂತವು. ಆ ವಯಸ್ಸಿಗೆ ಆ ಉಸಿರು ಎಲ್ಲಿತ್ತೋ. ಯತ್ತಾನಿ ಬೇಸರದಿಂದ ಆಕಾಶ ನೋಡುತ್ತಿದ್ದ. ಹಲಾಕೆ ಮಾತ್ರ ಮಂಡಿಯೂರಿ ಟ್ಯಾಂಕಿನ ಸುತ್ತ ಕಣ್ಣು ಓಡಿಸುತ್ತಿದ್ದ.

"ಅಲ್ಲಿ," ಎಂದ ಹಲಾಕೆ. ದನಿ ಸಣ್ಣದಾಗಿತ್ತು.

ಕೆಳಗೆ, ಟ್ಯಾಂಕಿಗೆ ಕಾಲು ಬೆಸೆದ ಜಾಗದಲ್ಲಿ, ತಲೆಗೂದಲಿನಷ್ಟು ತೆಳು ಹೊಗೆಯೊಂದು ಮೇಲೆದ್ದು ಬರುತ್ತಿತ್ತು. ಹಲಾಕೆ ಚಾಕುವಿನ ತುದಿಯಿಂದ ಕೆರೆದ. ಹೊಳೆಯುವ ಕಪ್ಪು ಬಣ್ಣದ ಕೆಳಗಿನಿಂದ ಬೂದು ಬಣ್ಣದ ಪುಟ್ಟಿ ಲೇಪವೊಂದು ಒಣಗಿದ ಸಗಣಿಯ ಹಾಗೆ ಉದುರಿತು. ಅದರ ಹಿಂದೆ ಸೂಜಿಮೊನೆಯಷ್ಟು ತೂತು, ತೂತಿನಿಂದ ಎರಡು ಬೆರಳುದ್ದದ ಬಿರುಕು. ಗುಜರಿಯವನು ಪುಟ್ಟಿ ತುಂಬಿ ಬಣ್ಣ ಬಳಿದಿದ್ದ. ಮೇಲೆ ಥಳಕು, ಒಳಗೆ ಹುಳುಕು ಅಂದರೆ ಇದೇ.

"ಇದನ್ನ ಎಲ್ಲಿ ಕಟ್ಟೋದು ಅಂತ ಇದ್ದೆ, ಯತ್ತಾನಿ?" ಎಂದು ಕೇಳಿದ ಹಲಾಕೆ.

"ಹಿಂದೆ. ಪೇಷಂಟ್ ಮಲಗ್ತಾರಲ್ಲ, ಅದರ ಕೆಳಗೆ." ಹೇಳಿದ ಮೇಲೆ ಯತ್ತಾನಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಅವನು ಅಲ್ಲೇ ಟೈರಿನ ಮೇಲೆ ಕುಳಿತುಬಿಟ್ಟ.

ಯಾರೂ ಅವನನ್ನು ಬೈಯಲಿಲ್ಲ. ಹಲಾಕೆ ಒಳಗೆ ಹೋಗಿ ತನ್ನ ಮೂರುಕಾಲಿನ ಸ್ಟೂಲು ತಂದು ಬೊಕಾಯೊಳ ಮುಂದೆ ಇಟ್ಟ. ಆ ಸ್ಟೂಲಿನ ಮೇಲೆ ಊರಿನ ಚೀಫನನ್ನೂ ಅವನು ಕೂರಿಸಿದವನಲ್ಲ. ತಾನೇ ಒಲೆ ಊದಿ, ಹಾಲು ಜಾಸ್ತಿ ಹಾಕಿ ಟೀ ಕಾಸಿ, ಎರಡು ಕೈಯಲ್ಲಿ ಕೊಟ್ಟ.

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಅಮ್ಮ. ಬಡಿದಾಗ ಸದ್ದು ಸ್ವಲ್ಪ ಮಬ್ಬಾಗಿತ್ತು, ನಂಗೂ ಅನುಮಾನ ಇತ್ತು. ಆದ್ರೆ ಎಲ್ಲಿ ಅಂತ ಗೊತ್ತಾಗಿರಲಿಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

"ನಂಗೇನು ಗೊತ್ತಾಯ್ತು? ಹೊಗೆಗೆ ಗೊತ್ತಾಯ್ತು," ಎಂದಳು ಬೊಕಾಯೊ. ಟೀ ಹೀರಿ, "ನುಣುಪು ಜಾಸ್ತಿ ಇರೋ ಗಿಂಡಿನ ನಾವು ಯಾವತ್ತೂ ನಂಬಲ್ಲ. ಕೆಟ್ಟ ಹೆಣಿಗೆನ ಕೊಬ್ಬು ಸವರಿ ಮುಚ್ಚೋ ಹೆಂಗಸ್ರು ನಮ್ಮಲ್ಲೂ ಇದಾರೆ. ಬೆಳ್ಳಗಿರೋದೆಲ್ಲ ಹಾಲಲ್ಲಪ್ಪ," ಎಂದು ಸೇರಿಸಿದಳು.

ಆಮೇಲೆ ಮೂರನೆಯದರ ಸರದಿ. ಗೀರು ಬಿದ್ದ ಮುದಿ ಟ್ಯಾಂಕನ್ನು ಅವಳು ಬಡಿದಾಗ ಅದು ಒಂಟೆಯ ಕೊರಳ ಗಂಟೆಯ ಹಾಗೆ ಉದ್ದಕ್ಕೆ ನಾದ ಬಿಟ್ಟಿತು. ಹಲಾಕೆ ಟಾರ್ಚು ಹಾಕಿ ಒಳಗೆ ಇಣುಕಿದ. ತುಕ್ಕೆಲ್ಲ ಹೊರಗೇ, ಒಳಗೆ ಶುಭ್ರ. ಊದಿದ ಹೊಗೆ ಎಲ್ಲಿಂದಲೂ ಬರಲಿಲ್ಲ. ಅವಳು ತುಟಿ ತೆಗೆದ ಕೂಡಲೇ ಅವಳ ಮುಖಕ್ಕೇ ಭಸ್ಸೆಂದು ವಾಪಸ್ಸು ಬಂತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, "ಇದು," ಎಂದಳು.

ಯತ್ತಾನಿ ಆಸೆಯಿಂದ ಹಲಾಕೆಯ ಮುಖ ನೋಡಿದ. ಹಲಾಕೆ ತಲೆಯಾಡಿಸಿದ. "ಹೊಗೆ ತೂತು ಹೇಳತ್ತೆ, ತಾಕತ್ತು ಹೇಳಲ್ಲ. ತಾಕತ್ತಿಗೆ ನೀರೇ ಬೇಕು. ನಾಳೆ."

"ಆಯ್ತು, ಫುಂಡಿ. ನಾಳೆ," ಎಂದ ಯತ್ತಾನಿ. ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಮರುದಿನ ನೀರಿನ ಗಾಡಿ ಬಂತು. ಹಲಾಕೆ ಟ್ಯಾಂಕಿನ ತೂತುಗಳನ್ನೆಲ್ಲ ಬಿಗಿದು, ಒಳಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, ಹಳೆಯ ಜಾಕಿನ ಪಂಪು ಸೇರಿಸಿದ. ಬೆಸುಗೆಗಳ ಮೇಲೆಲ್ಲ ಒಲೆಯ ಬೂದಿ ಉದುರಿಸಿದ, ಸ್ವಲ್ಪ ತೇವವಾದರೂ ಬೂದಿ ಕಪ್ಪಾಗಿ ತೋರುತ್ತದೆ. ಗಾಡಿಯಲ್ಲಿ ಅದು ಹೊರಬೇಕಾದದ್ದು ನೂರಿಪ್ಪತ್ತು ಪೌಂಡ್ ಒತ್ತಡ. ಅವನು ಪಂಪನ್ನು ಒತ್ತುತ್ತ ಒತ್ತುತ್ತ ನೂರೆಂಬತ್ತಕ್ಕೆ ಏರಿಸಿ, ಬೀಡಿ ಹಚ್ಚಿ ಕುಳಿತ. ಮೂವರೂ ಆ ಬೂದಿಯನ್ನೇ ನೋಡಿದರು. ಅರ್ಧ ತಾಸು. ಒತ್ತಡ ತೋರುವ ಮುಳ್ಳು ಕದಲಲಿಲ್ಲ, ಬೂದಿ ಬೆಳ್ಳಗೇ ಇತ್ತು. ಆ ಮುದಿ ಕಬ್ಬಿಣದ ಮೇಲೆ ಯತ್ತಾನಿಗೆ ಎಂಥ ಗೌರವ ಬಂತೆಂದರೆ ಎದ್ದು ಅದಕ್ಕೆ ಕೈ ಮುಗಿಯಬೇಕೆನಿಸಿತು.

ಕೂರಿಸುವಾಗ ಇನ್ನೆರಡು ಜಗಳವಾಯಿತು. "ವೆಲ್ಡ್ ಮಾಡಿಬಿಡು, ಅಲ್ಲಾಡಲ್ಲ," ಎಂದ ಯತ್ತಾನಿ. "ಇದರ ಮೈಗೆ ಬೆಂಕಿ ಮುಟ್ಟಿಸಿದ್ರೆ ನಿನ್ನ ಮೈಗೂ ಮುಟ್ಟಿಸ್ತೀನಿ," ಎಂದ ಹಲಾಕೆ. ಬೆಂದ ಕಡೆ ಕಬ್ಬಿಣ ಸೋಲುತ್ತದೆ. ರಬ್ಬರು ಸುತ್ತಿ, ಪಟ್ಟಿ ಬಿಗಿದು, ಹೊಗೆ ಕೊಳವೆಯಿಂದ ದೂರ, ಕಲ್ಲು ತಾಗದಷ್ಟು ಮೇಲೆ ಕಟ್ಟಿದ. ಒತ್ತಡ ಮೀರಿದರೆ ತಾನೇ ಬಿಟ್ಟುಕೊಳ್ಳುವ ವಾಲ್ವು ಹಾಕಿದ. ತಳದ ತೂತಿಗೆ ನಲ್ಲಿ ಕೂರಿಸುವಾಗ ಬೊಕಾಯೊ ಹುಬ್ಬುಗಂಟಿಕ್ಕಿದಳು.

"ಇಷ್ಟು ಕಷ್ಟಪಟ್ಟು ತೂತಿಲ್ಲದ್ದನ್ನ ಆರಿಸಿ, ಈಗ ತಳಕ್ಕೆ ತೂತಾ? ತಳ ತೂತಿರೋ ಗಿಂಡಿನ ಯಾವ ಮೂದೇವಿ ಕೊಳ್ತಾಳೆ?"

"ಗಾಳಿನೂ ಬೆವರತ್ತೆ, ಅಮ್ಮ. ಆ ನೀರು ತಳದಲ್ಲಿ ನಿಂತ್ರೆ ಒಳಗಿಂದ ತುಕ್ಕು ತಿನ್ನತ್ತೆ. ದಿನಾ ಬೆಳಿಗ್ಗೆ ಇವನು ನಲ್ಲಿ ತಿರುಗಿಸಿ ಬಿಡ್ಬೇಕು."

ಬೊಕಾಯೊ ಯೋಚಿಸಿ, "ದಿನಾ ಬೆಳಿಗ್ಗೆ ತೊಳೀದಿರೋ ಗಿಂಡಿ ನಮ್ಮಲ್ಲೂ ಹುಳಿ ಹಿಡಿಯತ್ತೆ," ಎಂದಳು. ಯತ್ತಾನಿಯ ಕಿವಿ ಹಿಂಡಿ, "ಕೇಳಿಸ್ತಾ? ದಿನಾ! ಮರೆತ್ರೆ ನಾನು ಬಂದು ನಿನ್ನ ಹಾಸಿಗೆಯಿಂದ ಎಳೀತೀನಿ," ಎಂದಳು. ನಲವತ್ತು ವರ್ಷದ ಗಂಡಸು ಹಲಾಕೆಯ ಮುಂದೆ ಕಿವಿ ಹಿಂಡಿಸಿಕೊಂಡು ತೆಪ್ಪಗಿದ್ದ.

ಮೂರು ವಾರದ ನಂತರ, ಬೆಳಕು ಹರಿಯುವ ಹೊತ್ತಿಗೆ, ಕಬಲೆಗೆ ನೋವು ಬಂತು. ದವಾಖಾನೆಯ ನರ್ಸು ಹೊಟ್ಟೆ ಮುಟ್ಟಿ ನೋಡಿ, "ಮಗು ಅಡ್ಡ ನಿಂತಿದೆ, ಇಲ್ಲಿ ಆಗಲ್ಲ. ಮಧ್ಯಾಹ್ನದೊಳಗೆ ಆಪರೇಷನ್ ಆಗ್ಬೇಕು, ತಡವಾದ್ರೆ ತಾಯಿನೂ ಉಳಿಯಲ್ಲ," ಎಂದಳು. ಯತ್ತಾನಿ ಗಾಡಿ ತಂದ. ಹಿಂದೆ ಕಬಲೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಲು ಹತ್ತಿದವಳು ಬೊಕಾಯೊ. ಅವಳನ್ನು ಯಾರೂ ಕರೆದಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಚಲ್ಬಿಗೆ ಇಳಿಯುವ ಮುಂಚೆ ಟೈರುಗಳ ಗಾಳಿ ಇಳಿಸಿದ. ಮೆತ್ತಗಿನ ಟೈರಿನಲ್ಲಿ ಗಾಡಿ ಮರಳಿನ ಮೇಲೆ ಚೆನ್ನಾಗಿಯೇ ತೇಲಿತು. ಎರಡು ತಾಸು ಹೋದರು. ಆಮೇಲೆ, ಮೇಲೆ ಒಣಗಿ ಕಂಡು ಒಳಗೆ ಕೆಸರಿದ್ದ ಒಂದು ಉಪ್ಪುಮಣ್ಣಿನ ಪಟ್ಟಿ ಎದುರಾಯಿತು. ಯತ್ತಾನಿ ಸರಕ್ಕನೆ ತಿರುಗಿಸಿದ. ಮುಂದಿನ ಎಡ ಟೈರು ಫಟ್ಟೆಂದು ಅಂಚಿನಿಂದ ಕಳಚಿತು, ಒಳಗೆಲ್ಲ ಮರಳು ನುಗ್ಗಿತು.

ಯತ್ತಾನಿ ಇಳಿದು ನೋಡಿದ. ಅದೇ ಮರಳು, ಅದೇ ಬಿಸಿಲು, ಅದೇ ಬದಿಯ ಚಕ್ರ. ಹಿಂದೆ ಹೆಣ್ಣೊಬ್ಬಳು ನರಳುತ್ತಿದ್ದಾಳೆ. ಅವನು ಬೊಕಾಯೊಳ ಕಡೆ ತಿರುಗಲಿಲ್ಲ, ತಿರುಗಿದ್ದರೆ ಕೈ ಕೆಲಸ ಮಾಡುತ್ತಿರಲಿಲ್ಲ. ಈ ಸಲ ಹೆಚ್ಚಿನ ಟೈರು ಇತ್ತು. ಆದರೆ ಮುಂದೆ ಮೂರು ತಾಸು ಕಲ್ಲಿನ ದಾರಿ, ಅದನ್ನು ಇಲ್ಲೇ ಕಳೆದರೆ ಅಲ್ಲಿ ಏನು ಗತಿ?

ಹಲಗೆ ಇಟ್ಟು ಜಾಕ್ ಏರಿಸಿದ. ಅಂಚಿನ ಮರಳನ್ನು ಬಟ್ಟೆಯಿಂದ ಒರೆಸಿ, ಸೋಪಿನ ನೀರು ಸವರಿದ. ಟೈರಿನ ಮೂತಿಯ ಒಳಗಿನ ಪಿನ್ನು ತೆಗೆದು, ಟ್ಯಾಂಕಿನ ಪೈಪು ಸಿಕ್ಕಿಸಿ, ದೇವರ ಹೆಸರು ಹೇಳಿ ಪೈಪಿನ ನಲ್ಲಿ ಪೂರ್ತಿ ತಿರುಗಿಸಿದ.

ಟ್ಯಾಂಕು ಕೊಡ ಬಗ್ಗಿಸಿತು. ಗಾಳಿ ಒಂದೇ ಏಟಿಗೆ ನುಗ್ಗಿ, ಸೋತು ಜೋತಿದ್ದ ರಬ್ಬರು ಮೈ ಉಬ್ಬಿಸಿ ಎದ್ದು, ಢಬ್ಬೆಂದು ಒಂದು ಕಡೆ, ಮತ್ತೆ ಢಬ್ಬೆಂದು ಇನ್ನೊಂದು ಕಡೆ ಅಂಚಿಗೆ ಕಚ್ಚಿ ಕುಳಿತಿತು. ಪಿನ್ನು ವಾಪಸ್ಸು ಹಾಕಿ, ಸೋರಿದ್ದನ್ನು ಮತ್ತೆ ತುಂಬಿ, ಜಾಕ್ ಇಳಿಸಿದ. ಗಾಡಿ ನಾಲ್ಕು ಕಾಲ ಮೇಲೆ ನಿಂತಿತು. ಗಡಿಯಾರ ನೋಡಿದ. ಇಳಿದಾಗಿನಿಂದ ಹದಿನಾಲ್ಕು ನಿಮಿಷ.

ಹದಿನಾಲ್ಕು ನಿಮಿಷ! ತುಮ್ಮೆಗೆ ನಾಲ್ಕು ತಾಸು ಇತ್ತು. ಯತ್ತಾನಿ ಪೈಪು ಕೈಯಲ್ಲಿ ಹಿಡಿದೇ ಮರಳಿನ ಮೇಲೆ ಕುಸಿದು, ಮಗುವಿನ ಹಾಗೆ ಬಿಕ್ಕತೊಡಗಿದ.

"ಲೋ ಯತ್ತಾನಿ!" ಗಾಡಿಯ ಒಳಗಿಂದ ಬೊಕಾಯೊಳ ದನಿ ಬಂತು. "ಏಳೋ. ಆವತ್ತು ನಿನ್ನ ಹತ್ರ ಇದು ಇರಲಿಲ್ಲ, ನಿನ್ನ ಕಾಲು ಮಾತ್ರ ಇತ್ತು. ಆ ಕಾಲಿನ ಚರ್ಮ ಕಿತ್ತು ರಕ್ತ ಬರೋವರೆಗೂ ತುಳಿದಿದ್ದನ್ನ ನಾನು ನೋಡಿದೀನಿ ಕಣೋ. ಅಳೋದಿದ್ರೆ ಆಸ್ಪತ್ರೆ ಅಂಗಳದಲ್ಲಿ ಅಳು, ನಾನೂ ಬಂದು ಜೊತೆಗೆ ಅಳ್ತೀನಿ. ಈಗ ಗಾಡಿ ಹತ್ತು."

ಅವನು ಹತ್ತಿದ. ಕಲ್ಲಿನ ಅಂಚಿಗೆ ಬಂದಾಗ ನಿಂತು, ನಾಲ್ಕೂ ಟೈರಿಗೆ ಗಾಳಿ ತುಂಬಿದ. ಕಂಪ್ರೆಸರ್ ಗೊಣಗುತ್ತ ಕೊಟ್ಟಷ್ಟನ್ನೂ ಟ್ಯಾಂಕು ಸಮಾಧಾನದಿಂದ ಹಂಚಿತು. ಬೆಟ್ಟ ಏರಿ ಆಸ್ಪತ್ರೆಯ ಗೇಟು ಮುಟ್ಟಿದಾಗ ಇನ್ನೂ ಹನ್ನೆರಡಾಗಿರಲಿಲ್ಲ.

ಒಂದೂವರೆ ತಾಸಿನ ಮೇಲೆ ಬಾಗಿಲು ತೆರೆದು, ಆಪರೇಷನ್ ಕೋಣೆಯ ನರ್ಸೊಬ್ಬಳು ಅಂಗಳಕ್ಕೆ ಬಂದಳು. ನಗುನಗುತ್ತ, "ಕಬಲೆ ಕಡೆಯವರು ಯಾರು? ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ," ಎಂದಳು.

ಗೋಡೆಗೊರಗಿ ಕುಳಿತಿದ್ದ ಬೊಕಾಯೊಳ ಗಂಟಲಿನಿಂದ ಮೊದಲು ಒಂದು ಸಣ್ಣ ಸದ್ದು ಹೊರಟಿತು. ಆಮೇಲೆ ತಡೆಯಿಲ್ಲದೆ ದೊಡ್ಡ ಅಳು ಬಂತು. ಯತ್ತಾನಿ ಅವಳ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡ, ಅವನಿಗೂ ಬಂತು. ಒಂಟೆಗಳು ಅರಚುವ ಹಾಗೆ ಇಬ್ಬರೂ ಹೋ ಎಂದು ಅಳುವುದನ್ನು ನೋಡಿ ನರ್ಸು ಗಾಬರಿಯಾದಳು.

"ಏನ್ರೀ ಇದು! ಒಳ್ಳೆ ಸುದ್ದಿ ಹೇಳಿದ್ರೆ ಹೀಗೆ ಅಳ್ತೀರಲ್ಲ!"

ಬೊಕಾಯೊ ಸೆರಗಿನಿಂದ ಮುಖ ಒರೆಸಿಕೊಂಡು, "ಇದು ಈ ಮಗುವಿಗಲ್ಲ, ತಾಯಿ," ಎಂದಳು. "ಇದು ಹೋದ ವರ್ಷದ ಅಳು."